ವಕೀಲರನ್ನು ಕೇಳಿ: ಅಪ್ಪನ ಕಾರ್ಡಿನಲ್ಲಿ ಹೆಸರಿದೆ, ಮನೆಯಲ್ಲಿ ಜಾಗವಿಲ್ಲ

ಪ್ರಶ್ನೆ (ಬನಹಟ್ಟಿಯ ನೇಕಾರ): ನಮಸ್ಕಾರ್ರೀ ಮೇಡಂ. ನಮ್ಮ ಸಂಘದಿಂದ ರೇಷನ್ ಕಾರ್ಡಿನ ತೊಂದರೆ ಬಗ್ಗೆ ತಹಶೀಲ್ದಾರರಿಗೆ ಮನವಿ ಕೊಡಬೇಕು ಅಂತ ಇದ್ದೇವೆ. ನಮ್ಮ ಮಗ್ಗದಲ್ಲಿ ಕಂಡಿಕೆ ಸುತ್ತುವ ಒಬ್ಬರು ಮಂಗಳಮುಖಿ ಇದ್ದಾರೆ. ಮನೆಯವರು ಹೊರಗೆ ಹಾಕಿ ನಾಲ್ಕು ವರ್ಷ ಆಯ್ತು. ಹೆಸರು ಇನ್ನೂ ಅಪ್ಪನ ಕಾರ್ಡಿನಲ್ಲೇ ಇದೆ, ಅವರ ಪಾಲಿನ ಅಕ್ಕಿ ಆ ಮನೆಗೆ ಹೋಗುತ್ತೆ, ಇವರು ಅಂಗಡಿಯಲ್ಲಿ ಕೊಂಡು ತಿನ್ನುತ್ತಾರೆ. ಅವರದ್ದೂ ಸೇರಿಸೋಣ ಅಂದರೆ ಹಿರಿಯರು "ನಮ್ಮದು ಹೊಟ್ಟೆಯ ಹೋರಾಟ, ಅವರದು ಬೇರೆ" ಅಂತಾರೆ. ಒಂದೇ ಮನವಿಯಲ್ಲಿ ಹಾಕಬಹುದಾ?

ಉತ್ತರ (ವಕೀಲೆ, ಬೆಳಗಾವಿ): ಧಾರಾಳವಾಗಿ ಹಾಕಿ. ಬೇಡ ಅನ್ನೋ ಕಾನೂನು ಯಾವುದೂ ಇಲ್ಲ. ನಾನಾದರೆ ಬೇರೆ ಹಾಳೆ ಬೇಡವೇ ಬೇಡ ಅಂತೀನಿ. ಯಾಕಂದ್ರೆ ಬೇರೆ ಮನವಿ ಕೊಟ್ಟರೆ "ಇದು ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಸೇರಿದ್ದು" ಅಂತ ಬರೆದು ಆ ಕಡೆ ತಳ್ಳುತ್ತಾರೆ, ಅಕ್ಕಿ ಕೊಡೋದು ಆ ಇಲಾಖೆ ಅಲ್ವಲ್ಲ. ನಿಮ್ಮ ಮನವಿಯಲ್ಲೇ ಒಂದು ಸಾಲು ಇದ್ದರೆ ಅದು ಆಹಾರ ಶಾಖೆಯ ಮೇಜಿಗೇ ಹೋಗುತ್ತೆ.

ಹಿರಿಯರಿಗೆ ಇದನ್ನು ಹೇಳಿ. ನಮ್ಮಲ್ಲಿ ಸರ್ಕಾರದ ಸೌಲಭ್ಯ ಬರೋದು ಬಹುಪಾಲು ಕುಟುಂಬದ ಲೆಕ್ಕದಲ್ಲಿ. ಕುಟುಂಬವೇ ಹೊರಗೆ ಹಾಕಿದ ಮೇಲೆ ಆ ಮನುಷ್ಯ ಲೆಕ್ಕಕ್ಕೇ ಸಿಗಲ್ಲ. ಮೊದಲು ಮನೆ ಹೋಗುತ್ತೆ, ಶಾಲೆ ನಿಲ್ಲುತ್ತೆ, ಆಮೇಲೆ ಬಾಡಿಗೆ ರೂಮೂ ಸಿಗಲ್ಲ. ಎಲ್ಲಮ್ಮನ ಗುಡ್ಡದಲ್ಲಿ ದೇವಿಗೆ ಮುಡಿಪಾದ ಮಂಗಳಮುಖಿ ಜೋಗಪ್ಪನ ಕಾಲಿಗೆ ಬೀಳುವ ಜನವೇ ಊರಿಗೆ ಬಂದು ರೂಮು ಕೊಡಲ್ಲ ಅನ್ನುತ್ತಾರೆ. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇ. 1ರಷ್ಟು ಮೀಸಲಾತಿ ತಂದಿತು. ಒಳ್ಳೆಯದೇ. ಆದರೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು ಅದಕ್ಕೆ ಅರ್ಜಿ ಹಾಕೋದು ಎಲ್ಲಿಂದ? ಅವರಿಗೆ ಹಕ್ಕು ಅಂದರೆ ಮೊದಲು ರೇಷನ್ನೇ.

ಕಾನೂನಿನ ಮಾತು. 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮೂರನೇ ಲಿಂಗವನ್ನು ಒಪ್ಪಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 12ನೇ ಕಲಮಿನ ಪ್ರಕಾರ ಇವರಿಗೆ ತಮ್ಮ ಮನೆಯಲ್ಲಿ ಇರುವ ಹಕ್ಕಿದೆ, 18ನೇ ಕಲಮಿನಲ್ಲಿ ಮನೆಯಿಂದ, ಊರಿಂದ ಬಲವಂತವಾಗಿ ಹೊರಗೆ ಹಾಕೋದು ಅಪರಾಧ. ನಾಲ್ಕು ವರ್ಷದ ಮೇಲೆ ಅಪ್ಪನ ಮೇಲೆ ಕೇಸು ಹಾಕೋದು ಬಿಡೋದು ಅವರಿಗೇ ಬಿಟ್ಟದ್ದು, ಸಂಘ ಒತ್ತಾಯ ಮಾಡಬಾರದು. ಈಗ ಆಗಬೇಕಾದ್ದು ಇಷ್ಟೇ: ಅಪ್ಪನ ಕಾರ್ಡಿನಿಂದ ಹೆಸರು ತೆಗೆಸಿ, ಇವರೊಬ್ಬರದ್ದೇ ಬೇರೆ ಕಾರ್ಡು ಕೇಳಬೇಕು. ಎರಡು ಕಡೆ ಹೆಸರು ಇದ್ದರೆ ಹೊಸ ಅರ್ಜಿ ಅಲ್ಲೇ ನಿಲ್ಲುತ್ತೆ. ಹೆಸರು ತೆಗೆಯೋಕೆ ಅಪ್ಪನೇ ಬರಬೇಕು ಅಂತ ಸತಾಯಿಸಿದರೆ ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ, ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ.

ಪ್ರಶ್ನೆ (ವಿಜಯಪುರ, ಹೆಸರು ಬೇಡ): ಅಕ್ಕಾ, ನಾವು ಇಬ್ಬರು ಹೆಣ್ಣುಮಕ್ಕಳು, ಆರು ವರ್ಷದಿಂದ ಒಟ್ಟಿಗೆ ಇದ್ದೇವೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ. ನನ್ನ ಹೆಸರು ಒಂದು ಊರಿನ ಕಾರ್ಡಿನಲ್ಲಿ, ಅವಳದು ಇನ್ನೊಂದು ಊರಿನಲ್ಲಿ. ನಮ್ಮಿಬ್ಬರಿಗೆ ಒಂದು ಕಾರ್ಡು ಆಗುತ್ತಾ?

ಉತ್ತರ (ವಕೀಲೆ): ಆಗಬೇಕು, ತಂಗಿ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗಿಗಳ ಮದುವೆಗೆ ಒಪ್ಪಿಗೆ ಕೊಡಲಿಲ್ಲ, ಅದು ನಿಮಗೂ ಗೊತ್ತಿರುತ್ತೆ. ಆದರೆ ಅದಾದ ಮೇಲೆ 2024ರಲ್ಲಿ ಕೇಂದ್ರದ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೆ ಪತ್ರ ಬರೆದಿದೆ: ಒಟ್ಟಿಗೆ ಬಾಳುವ ಸಲಿಂಗಿ ಜೋಡಿಯನ್ನು ರೇಷನ್ ಕಾರ್ಡಿನ ಮಟ್ಟಿಗೆ ಒಂದೇ ಮನೆಯವರು ಅಂತ ನೋಡಿ, ತಾರತಮ್ಯ ಮಾಡಬೇಡಿ ಅಂತ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯೋಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡೋಕೆ ಅಡ್ಡಿ ಇಲ್ಲ ಅಂತಲೂ ಅದೇ ವರ್ಷ ಹೇಳಿದ್ದಾರೆ. ಈ ಪತ್ರ ತಾಲ್ಲೂಕು ಕಚೇರಿಯಲ್ಲಿ ಯಾರೂ ಓದಿರಲ್ಲ, ಪ್ರಿಂಟ್ ತೆಗೆಸಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಊರಿಗೆ ಗೊತ್ತಾಗುತ್ತೆ ಅನ್ನೋ ಭಯ ಇದ್ದರೆ ಅವಸರ ಮಾಡಬೇಡಿ. ಮೊದಲು ನಾಮಿನಿ ಕೆಲಸ ಮಾಡಿ, ಅದು ನಿಮ್ಮ ಮತ್ತು ಬ್ಯಾಂಕಿನ ನಡುವೆ ಮಾತ್ರ.

ಕಮೆಂಟ್ (ಗೋಕಾಕ): ಇದೆಲ್ಲ ಫಾರಿನ್ನಿನಿಂದ ಬಂದ ಹೋರಾಟ ಬಿಡ್ರೀ. ಕಾರ್ಮಿಕರಿಗೂ ಇದಕ್ಕೂ ಏನು ಸಂಬಂಧ?

ಉತ್ತರ (ವಕೀಲೆ): ಜೋಗಪ್ಪ ಎಲ್ಲಿಂದ ಬಂದರು ಸಾಹೇಬ್ರೇ, ಲಂಡನ್ನಿನಿಂದಾ? ಇರಲಿ, ಲಂಡನ್ನಿನದೇ ಹೇಳ್ತೀನಿ. 1984ರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರು ಮುಷ್ಕರ ಕೂತಾಗ ಅಲ್ಲಿಯ ಸಲಿಂಗಿಗಳ ಒಂದು ಗುಂಪು ಡಬ್ಬಿ ಹಿಡಿದು ದುಡ್ಡು ಎತ್ತಿ ವೇಲ್ಸಿನ ಗಣಿ ಊರಿಗೆ ಕಳಿಸಿತು. ಮರುವರ್ಷ ಲಂಡನ್ನಿನಲ್ಲಿ ಸಲಿಂಗಿಗಳ ಮೆರವಣಿಗೆ ನಡೆದಾಗ ಗಣಿ ಕೆಲಸಗಾರರು ಸಂಘದ ಬ್ಯಾನರ್ ಹಿಡಿದು ಬಂದು ಜೊತೆಗೆ ನಡೆದರು. ಹೊಟ್ಟೆಗಾಗಿ ಮುಷ್ಕರ ಕೂತವರೇ ಅವರು.

ಬನಹಟ್ಟಿಯ ನೇಕಾರ: ಮೇಡಂ, ಭಾನುವಾರ ಮೀಟಿಂಗಿನಲ್ಲಿ ಇದನ್ನು ಓದಿ ಹೇಳ್ತೀನಿ. ಒಂದೇ ಡೌಟು. ಮನವಿಯಲ್ಲಿ ಅವರ ಹೆಸರು ಯಾವುದು ಬರೆಯಲಿ? ಆಧಾರ್‌ನಲ್ಲಿ ಹಳೆಯದು ಇದೆ.

ಉತ್ತರ (ವಕೀಲೆ): ಅವರನ್ನೇ ಕೇಳಿ. ಈಗಿನ ಹೆಸರು ಮೊದಲು ಬರೆಯಿರಿ. ಹಳೇ ಕಾರ್ಡು ಹುಡುಕೋಕೆ ಹಳೇ ಹೆಸರು ಬೇಕಾಗುತ್ತೆ, ಅದನ್ನು ಬೇರೆ ಚೀಟಿಯಲ್ಲಿ ಬರೆದು ಗುಮಾಸ್ತರ ಕೈಗೆ ಕೊಡಿ. ಮೀಟಿಂಗಿನಲ್ಲಿ ಜೋರಾಗಿ ಓದಬೇಡಿ.