ಪದಚರ್ಚೆ: ‘ಟ್ರೇಡ್-ಆಫ್’ಗೆ ‘ಸಾಧಕ-ಬಾಧಕ’ ಸಾಕೆ?

ಎಲ್ಲರಿಗೂ ನಮಸ್ಕಾರ.

ಸೂರ್ಯ, ಗಾಳಿ, ನೀರು, ಜೈವಿಕ ತ್ಯಾಜ್ಯ ಇವುಗಳಿಂದ ವಿದ್ಯುತ್ ತಯಾರಿಸುವ ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಕಿರುಪುಸ್ತಿಕೆ ಸಿದ್ಧವಾಗುತ್ತಿದೆ. ಅದು ಹೊಗಳುವುದೂ ಬೇಡ, ಹೆದರಿಸುವುದೂ ಬೇಡ. ಯಾವುದನ್ನು ಆರಿಸಿಕೊಂಡರೆ ಯಾವುದನ್ನು ಬಿಟ್ಟುಕೊಡಬೇಕು ಎಂಬುದು ಓದಿದವರಿಗೆ ತಿಳಿದರೆ ಸಾಕು. ಆದರೆ ಇದೇ ‘ಟ್ರೇಡ್-ಆಫ್’ ಎಂಬುದಕ್ಕೆ ಒಪ್ಪುವ ಪದ ಸಿಗುತ್ತಿಲ್ಲ. ಕರಡಿನಲ್ಲಿ ಸದ್ಯಕ್ಕೆ ಇರುವುದು ಹೀಗೆ:

ಅಧ್ಯಾಯದ ಹೆಸರು: ‘ನವೀಕೃತ ಇಂಧನದ ಸಾಧಕ-ಬಾಧಕಗಳು’
‘ಸೌರ ಮತ್ತು ಪವನ ವಿದ್ಯುತ್ ಮಧ್ಯಂತರ ಸ್ವರೂಪದವು.’
‘ಉತ್ಪಾದನೆ ಹೆಚ್ಚಾದಾಗ ವಿದ್ಯುತ್ ಕಡಿತ ಅನಿವಾರ್ಯ.’
‘ಗಾಳಿಯಂತ್ರದ ದಕ್ಷತೆ ಶೇ 35 ಮಾತ್ರ.’

ಪದಗಳೂ ವಾಕ್ಯಗಳೂ ಸರಿಯಿವೆಯೇ ಎಂದು ತಿಳಿದವರು ಹೇಳಬೇಕು.

* * *

> ಸಾಧಕ-ಬಾಧಕಗಳು

ಸಾಲದು. ‘ಸಾಧಕ-ಬಾಧಕ’ ಎಂದರೆ ಎರಡು ಪಟ್ಟಿ. ಎಡಕ್ಕೆ ಒಳ್ಳೆಯವು, ಬಲಕ್ಕೆ ಕೆಟ್ಟವು. ಎಡಗಡೆಯ ಮೂರನೆಯದಕ್ಕೂ ಬಲಗಡೆಯ ಮೂರನೆಯದಕ್ಕೂ ನಂಟು ಇರಬೇಕೆಂದೇನಿಲ್ಲ. ಟ್ರೇಡ್-ಆಫ್‌ನಲ್ಲಿ ಆ ನಂಟೇ ಮುಖ್ಯ. ಇದನ್ನು ಹೆಚ್ಚಿಸಿಕೊಂಡದ್ದರಿಂದಲೇ ಅದು ಕಡಿಮೆಯಾಯಿತು ಎನ್ನುವಂತಿರಬೇಕು.

ಪರೀಕ್ಷೆ ಸುಲಭ. ಬಾಧಕವನ್ನು ನಿವಾರಿಸಲು ಹೊರಟರೆ ಸಾಧಕಕ್ಕೂ ಪೆಟ್ಟು ಬೀಳುತ್ತದೆಯೇ ಎಂದು ಕೇಳಿ. ಪ್ಯಾನೆಲ್ ಮೇಲೆ ಧೂಳು ಕೂತು ಉತ್ಪಾದನೆ ಇಳಿದಿದ್ದರೆ ತೊಳೆದರಾಯಿತು, ಬೇರೇನೂ ಕಳೆದುಕೊಳ್ಳಬೇಕಿಲ್ಲ. ಅದು ಬರೀ ದೋಷ. ಪ್ಯಾನೆಲ್ ಕೊಡುವ ನೇರ ವಿದ್ಯುತ್ತನ್ನು ಮನೆಬಳಕೆಯ ಪರ್ಯಾಯ ವಿದ್ಯುತ್ತಾಗಿಸುವ ಇನ್ವರ್ಟರ್‌ನ ಅಳತೆಯ ಮಾತು ಹಾಗಲ್ಲ. 10 ಕಿಲೊವ್ಯಾಟ್ ಇನ್ವರ್ಟರಿಗೆ 12ರಿಂದ 13 ಕಿಲೊವ್ಯಾಟ್ ಪ್ಯಾನೆಲ್ ಜೋಡಿಸುವುದು ವಾಡಿಕೆ. ಪ್ಯಾನೆಲ್ ಹಿಂದಿನ ಚೀಟಿಯಲ್ಲಿ ಬರೆದಿರುವ ವ್ಯಾಟ್ ಪ್ರಯೋಗಶಾಲೆಯ ಲೆಕ್ಕ: ಚದರ ಮೀಟರಿಗೆ 1,000 ವ್ಯಾಟ್ ಬೆಳಕು, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಬಯಲಿನಲ್ಲಿ ಕೋಶ 60 ಡಿಗ್ರಿಗೆ ಏರಿತೆಂದುಕೊಳ್ಳಿ. ಸಿಲಿಕಾನ್ ಪ್ಯಾನೆಲ್ ಪ್ರತಿ ಡಿಗ್ರಿಗೆ ಸುಮಾರು ಶೇ 0.3ರಿಂದ 0.4ರಷ್ಟು ಕಳೆದುಕೊಳ್ಳುವುದರಿಂದ ಅಷ್ಟರಲ್ಲೇ ಶೇ 12ರ ಆಸುಪಾಸು ಹೋಯಿತು. ಬೆಳಗಿನ ಬೆಳಕು ಶೇ 40ರಷ್ಟಿದ್ದಾಗ 10 ಕಿಲೊವ್ಯಾಟ್ ಪ್ಯಾನೆಲ್ ಕೊಡುವುದು 4 ಕಿಲೊವ್ಯಾಟ್, 13ರದ್ದು 5.2. ಹೀಗೆ ಬೆಳಿಗ್ಗೆ, ಸಂಜೆ, ಮೋಡದ ದಿನಗಳಲ್ಲಿ ಗಳಿಕೆ. ತಂಪಾದ, ತಿಳಿಯಾದ ದಿನದ ನಡುಹಗಲಲ್ಲಿ ಮಾತ್ರ ಪ್ಯಾನೆಲ್ 11ಕ್ಕಿಂತ ಹೆಚ್ಚು ಕೊಡಲು ಸಿದ್ಧವಿದ್ದರೂ ಇನ್ವರ್ಟರ್ 10ಕ್ಕೆ ನಿಲ್ಲಿಸುತ್ತದೆ, ಗ್ರಾಫಿನ ನೆತ್ತಿ ಚಪ್ಪಟೆಯಾಗುತ್ತದೆ. ಆ ಚೂರನ್ನು ಉಳಿಸಲೆಂದು ದೊಡ್ಡ ಇನ್ವರ್ಟರ್ ಹಾಕಿದರೆ ವರ್ಷದ ಬಹುಪಾಲು ಅದರ ಮೇಲ್ಭಾಗ ಸುಮ್ಮನೆ ಕೂತಿರುತ್ತದೆ. ಟ್ರೇಡ್-ಆಫ್ ಅಂದರೆ ಇದು.

(ಅಂದಹಾಗೆ ‘ಬಿಸಿಲಿನಿಂದ ವಿದ್ಯುತ್’ ಎಂದು ಬರೆದಿದ್ದರೆ ‘ಬೆಳಕಿನಿಂದ’ ಎಂದು ತಿದ್ದಿ. ಬಿಸಿಲು ಎಂದಕೂಡಲೇ ಬಿಸಿ ನೆನಪಾಗಿ, ಸೆಕೆ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಎಂದು ಜನ ತಿಳಿಯುತ್ತಾರೆ. ನಡೆಯುವುದು ತಿರುಗಾಮುರುಗಾ. ನೀರು ಕಾಯಿಸುವ ಸೌರ ಹೀಟರಿಗೆ ಬೇಕಾದರೆ ‘ಬಿಸಿಲು’ ಇರಲಿ.)

ಬೇರೆ ಪದಗಳ ಪೈಕಿ ‘ಕೊಡುಕೊಳ್ಳುವಿಕೆ’ಗೆ ಇಬ್ಬರು ಬೇಕು, ಇಲ್ಲಿ ಕೊಡುವವರೂ ಪಡೆಯುವವರೂ ಒಬ್ಬರೇ ಆಗಿರಬಹುದು. ‘ರಾಜಿ’ಗೆ ಜಗಳ ಬೇಕು. ‘ಹೊಂದಾಣಿಕೆ’ ಎಂದರೆ ಎಲ್ಲವೂ ಸರಿಹೋಯಿತು ಎಂಬ ಧ್ವನಿ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬುದು ವಿರೋಧವನ್ನು ತೋರಿಸುತ್ತದೆ, ಆಯ್ಕೆಯನ್ನಲ್ಲ. ‘ಹಾವೂ ಸಾಯಬೇಕು, ಕೋಲೂ ಮುರಿಯಬಾರದು’ ಎನ್ನುವವರು ಟ್ರೇಡ್-ಆಫ್ ಇದೆಯೆಂದೇ ಒಪ್ಪದವರು, ಆ ಗಾದೆಯನ್ನು ಪೀಠಿಕೆಗೆ ಇಟ್ಟುಕೊಳ್ಳಬಹುದು.

ನನ್ನ ಸಲಹೆ: ಅಧ್ಯಾಯಕ್ಕೆ ‘ಪಡೆಯುವುದೇನು, ತೆರುವುದೇನು’ ಎಂದಿಡಿ. ಬೆಲೆ ತೆರುವುದು ಎಲ್ಲರಿಗೂ ಗೊತ್ತಿರುವ ಮಾತು. ವಾಕ್ಯಗಳ ಒಳಗೆ ನಾಮಪದ ಹುಡುಕುವ ಗೋಜಿಗೇ ಹೋಗಬೇಡಿ. ‘ಇಷ್ಟನ್ನು ಏರಿಸಿದರೆ ಅಷ್ಟು ಇಳಿಯುತ್ತದೆ’ ಎಂದು ಕ್ರಿಯಾಪದದಲ್ಲೇ ಹೇಳಿ. ಆಗ ಏರಿದ್ದೇನು, ಇಳಿದದ್ದೇನು ಎಂದು ಹೆಸರಿಸಲೇಬೇಕಾಗುತ್ತದೆ, ಜಾರಿಕೊಳ್ಳಲು ಬರುವುದಿಲ್ಲ.

* * *

ಮೇಲಿನ ಪರೀಕ್ಷೆ ಚೆನ್ನಾಗಿದೆ, ಆದರೆ ಅದಕ್ಕೊಂದು ತಿದ್ದುಪಡಿ ಬೇಕು. ದೋಷವೂ ಅಲ್ಲ, ಟ್ರೇಡ್-ಆಫ್ ಕೂಡ ಅಲ್ಲ ಎನ್ನುವಂಥವು ಇವೆ. ಅವನ್ನು ‘ಮಿತಿ’ ಎನ್ನೋಣ. ಬೀಸುವ ಗಾಳಿಯ ಚಲನಶಕ್ತಿಯಲ್ಲಿ ರೆಕ್ಕೆಗಳು ಹೆಚ್ಚೆಂದರೆ 27ರಲ್ಲಿ 16 ಪಾಲನ್ನು, ಅಂದರೆ ಶೇ 59.3ನ್ನು ಹಿಡಿಯಬಲ್ಲವು. ಇದು ಬೆಟ್ಜ್ ಮಿತಿ. ಪೂರ್ತಿ ಹಿಡಿದರೆ ಗಾಳಿ ಅಲ್ಲೇ ನಿಂತುಬಿಡುತ್ತದೆ, ಹಿಂದಿನ ಗಾಳಿಗೆ ದಾರಿ ಇರುವುದಿಲ್ಲ. ಯಾರು ಏನು ತೆತ್ತರೂ ಇದು ಬದಲಾಗದು. ಹಾಗೆಯೇ ಇನ್ವರ್ಟರಿನ ಗರಿಷ್ಠ ವೋಲ್ಟೇಜ್: ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದಾಗ ಚಳಿಯಲ್ಲಿ ವೋಲ್ಟೇಜ್ ಏರುತ್ತದೆ. 25 ಡಿಗ್ರಿಯ ಅಂಕಿಯನ್ನೇ ನಂಬಿ ಸಾಲಿಗೆ ಒಂದು ಪ್ಯಾನೆಲ್ ಹೆಚ್ಚು ಸೇರಿಸಿದರೆ ಚಳಿಗಾಲದ ಒಂದು ಮುಂಜಾನೆ ಇನ್ವರ್ಟರ್ ಸುಟ್ಟೀತು. ಅದು ದಾಟಬಾರದ ಗೆರೆ, ತೂಗಿ ನೋಡುವ ವಿಷಯವಲ್ಲ.

> ಉತ್ಪಾದನೆ ಹೆಚ್ಚಾದಾಗ ವಿದ್ಯುತ್ ಕಡಿತ ಅನಿವಾರ್ಯ

ಇದನ್ನು ಮೊದಲು ತೆಗೆಯಿರಿ. ಕನ್ನಡದಲ್ಲಿ ‘ವಿದ್ಯುತ್ ಕಡಿತ’ ಎಂದರೆ ಮನೆಯಲ್ಲಿ ಕರೆಂಟ್ ಹೋಗುವುದು. ನೀವು ಹೇಳಹೊರಟ ‘ಕರ್ಟೇಲ್ಮೆಂಟ್’ ಅದಲ್ಲ. ಬೇಡಿಕೆಗಿಂತ ಅಥವಾ ತಂತಿಮಾರ್ಗ ಹೊರುವುದಕ್ಕಿಂತ ವಿದ್ಯುತ್ ಹೆಚ್ಚಾದಾಗ ಸ್ಥಾವರಕ್ಕೆ ‘ಕಡಿಮೆ ಮಾಡಿ’ ಎನ್ನುವುದು ಅದು. ಗ್ರಾಹಕರಿಗೆ ಏನೂ ಕಡಿತವಾಗುವುದಿಲ್ಲ. ನಿಮ್ಮ ವಾಕ್ಯ ಓದಿದವರು ‘ಸೋಲಾರ್ ಹೆಚ್ಚಾದರೆ ಕರೆಂಟ್ ಹೋಗುತ್ತದಂತೆ’ ಎಂದುಕೊಳ್ಳುತ್ತಾರೆ. ‘ಉತ್ಪಾದನೆ ತಗ್ಗಿಸುವುದು’ ಎಂದರೆ ಸಾಕು.

> ಮಧ್ಯಂತರ

ಮಧ್ಯಂತರ ಆದೇಶ, ಮಧ್ಯಂತರ ಪರಿಹಾರ ಎಂಬಲ್ಲಿ ಅದು ‘ಸದ್ಯದ ಮಟ್ಟಿಗಿನ’, ಸಿನಿಮಾದಲ್ಲಿ ಬಿಡುವು. ಎರಡೂ ಇಲ್ಲಿಗೆ ಹೊಂದುವುದಿಲ್ಲ. ‘ಅನಿಶ್ಚಿತ’ ಎಂಬುದೂ ಅರ್ಧ ತಪ್ಪು. ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ ಎಂಬುದು ವರ್ಷ ಮುಂಚೆಯೇ ಗೊತ್ತು, ಮೋಡದ ಅಂದಾಜು ಮಾತ್ರ ತಪ್ಪಬಹುದು. ‘ಏರಿಳಿತದ ಮೂಲಗಳು’ ಎನ್ನಿ. ಗಾಳಿಯ ವಿಷಯದಲ್ಲಿ ಈ ಏರಿಳಿತ ಎಷ್ಟು ತೀವ್ರ ಎಂಬುದಕ್ಕೆ ಒಂದು ಸಾಲು ಸೇರಿಸಿ: ವೇಗ ಎರಡು ಪಟ್ಟಾದರೆ ಗಾಳಿಯಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ಅರ್ಧವಾದರೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ 3-4 ಮೀಟರಿಗಿಂತ ಕಡಿಮೆ ಗಾಳಿಗೆ ದೊಡ್ಡ ಯಂತ್ರಗಳು ವಿದ್ಯುತ್ ಕೊಡುವುದಿಲ್ಲ. 25 ಮೀಟರ್ ದಾಟಿದರೆ ಸಾಮಾನ್ಯವಾಗಿ ರಕ್ಷಣೆಗಾಗಿ ನಿಲ್ಲಿಸುತ್ತಾರೆ.

> ದಕ್ಷತೆ ಶೇ 35 ಮಾತ್ರ

ಇಲ್ಲಿ ಪದವೂ ತಪ್ಪು, ‘ಮಾತ್ರ’ವೂ ತಪ್ಪು. ಶೇ 35 ಎಂಬುದು ಯಂತ್ರ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ಓಡಿದ್ದರೆ ಬರಬಹುದಾಗಿದ್ದ ವಿದ್ಯುತ್ತಿನಲ್ಲಿ ನಿಜಕ್ಕೂ ಬಂದ ಪಾಲು. 3 ಮೆಗಾವ್ಯಾಟ್ ಯಂತ್ರ, ವರ್ಷದ 8,760 ಗಂಟೆ, ಶೇ 35: ಸುಮಾರು 9,200 ಮೆಗಾವ್ಯಾಟ್-ಗಂಟೆ, ಅಂದರೆ 92 ಲಕ್ಷ ಯೂನಿಟ್. ದಕ್ಷತೆ ಬೇರೆ. ಬಂದ ಶಕ್ತಿಯಲ್ಲಿ ಎಷ್ಟು ಪಾಲು ವಿದ್ಯುತ್ತಾಯಿತು ಎಂಬುದು ದಕ್ಷತೆ.

ಪ್ಯಾನೆಲ್ ಉದಾಹರಣೆ ಇದಕ್ಕಿಂತ ಸ್ಪಷ್ಟ. ಶೇ 21 ದಕ್ಷತೆಯ 1 ಕಿಲೊವ್ಯಾಟಿಗೆ ಸುಮಾರು 4.8 ಚದರ ಮೀಟರ್ ಬೇಕು, ಶೇ 15ರದ್ದಕ್ಕೆ 6.7. ಒಂದೇ ಕಡೆ ಇಟ್ಟರೆ ವರ್ಷಕ್ಕೆ ಎರಡೂ ಕೊಡುವ ಯೂನಿಟ್ ಹೆಚ್ಚುಕಡಿಮೆ ಒಂದೇ. ದಕ್ಷತೆ ಕಡಿಮೆಯಾದರೆ ತಿನ್ನುವುದು ಜಾಗವನ್ನು, ಯೂನಿಟ್ಟನ್ನಲ್ಲ. ವರ್ಷದ ಪಾಲನ್ನು ನಿರ್ಧರಿಸುವುದು ಹವೆ ಮತ್ತು ಸ್ಥಳ. ‘ಸಾಮರ್ಥ್ಯ ಗುಣಾಂಕ’ ಎಂಬ ಪದ ಬಳಕೆಯಲ್ಲಿದೆ, ಆದರೆ ಅದನ್ನು ಓದಿದವರಿಗೆ ಅಂಕಪಟ್ಟಿ ನೆನಪಾಗಿ 35 ಎಂದರೆ ಅಂಚಿನಲ್ಲಿ ಪಾಸು ಅನ್ನಿಸುತ್ತದೆ. ‘ಸಾಮರ್ಥ್ಯದ ವಾರ್ಷಿಕ ಬಳಕೆ’ ಎಂದು ಬರೆದು ಯೂನಿಟ್ ಲೆಕ್ಕವನ್ನು ಪಕ್ಕದಲ್ಲೇ ಕೊಡಿ.

> ನವೀಕೃತ ಇಂಧನ

‘ನವೀಕೃತ’ ಎಂದರೆ ಈಗಾಗಲೇ ಹೊಸದು ಮಾಡಿದ್ದು. ನಿಮಗೆ ಬೇಕಿರುವುದು ಮತ್ತೆ ಮತ್ತೆ ತುಂಬಿಕೊಳ್ಳುವಂಥದ್ದು. ‘ನವೀಕರಿಸಬಹುದಾದ’ ಎಂಬುದು ಉದ್ದವಾದರೂ ಪಠ್ಯಪುಸ್ತಕಗಳಲ್ಲಿ ನೆಲೆ ನಿಂತಿದೆ, ಇರಲಿ. ‘ಅಕ್ಷಯ’ ಬೇಡ. ಮರ ಬೆಳೆಯುವುದಕ್ಕಿಂತ ಬೇಗ ಕಡಿದರೆ ಸೌದೆ ಮುಗಿಯುತ್ತದೆ, ಭೂಶಾಖದ ಬಾವಿಯಿಂದ ಅತಿಯಾಗಿ ಎಳೆದರೆ ತಣ್ಣಗಾಗುತ್ತದೆ. ‘ಅಕ್ಷಯ’ ಎಂದ ಕ್ಷಣ ಆ ಲೆಕ್ಕವೆಲ್ಲ ಮರೆಯಾಗುತ್ತದೆ. ‘ಇಂಧನ’ದ ಮೂಲಾರ್ಥ ಉರಿಸುವ ವಸ್ತು. ಎನರ್ಜಿಗೂ ಅದೇ ರೂಢಿಯಾಗಿದೆ, ಜಗಳವಿಲ್ಲ, ಆದರೆ ನಿಮ್ಮ ಪುಸ್ತಿಕೆಯಲ್ಲಿ ಉರಿಸುವ ಜೈವಿಕ ಇಂಧನವೂ ಉರಿಸದ ಗಾಳಿಯೂ ಅಕ್ಕಪಕ್ಕ ಬರುವುದರಿಂದ ‘ಶಕ್ತಿಮೂಲ’ ಎಂದರೆ ಗೊಂದಲ ತಪ್ಪುತ್ತದೆ.

* * *

ಇಬ್ಬರಿಗೂ ವಂದನೆ. ‘ಪಡೆಯುವುದೇನು, ತೆರುವುದೇನು’ ಶೀರ್ಷಿಕೆಯಾಗಿ ಉಳಿಯಿತು. ಇನ್ನೆರಡು ಅನುಮಾನ. ಶಕ್ತಿ ಸಂಗ್ರಹದ ಭಾಗದಲ್ಲಿ ‘ಹೋಗಿ-ಬರುವ ದಕ್ಷತೆ’ ಎಂದು ಬರೆದದ್ದು ಬಸ್ ಟಿಕೆಟ್ಟಿನಂತೆ ಕೇಳುತ್ತಿದೆ. ಕೊನೆಯ ಭಾಗದಲ್ಲಿ ‘ಮಾಲಿನ್ಯರಹಿತ’ ಎಂಬ ಮಾತಿದೆ. ಅದು ಇರಬಹುದೇ?

* * *

ಮೊದಲನೆಯದಕ್ಕೆ ಪದವೇ ಬೇಡ, ಲೆಕ್ಕ ಬರೆಯಿರಿ. ‘ತುಂಬಿದ 100 ಯೂನಿಟ್‌ನಲ್ಲಿ ಮರಳಿ ಸಿಗುವುದು’: ಲಿಥಿಯಂ ಬ್ಯಾಟರಿಯಿಂದ ಸುಮಾರು 85-90, ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಇಳಿಸುವ ಸ್ಥಾವರದಿಂದ 70-80, ಹೈಡ್ರೋಜನ್ ಮಾಡಿಟ್ಟು ಮತ್ತೆ ವಿದ್ಯುತ್ತಾಗಿಸಿದರೆ 30-40. ಪಟ್ಟಿ ಇಷ್ಟಕ್ಕೇ ನಿಂತರೆ ಹೈಡ್ರೋಜನ್ ದಡ್ಡರ ಕೆಲಸ ಅನ್ನಿಸೀತು. ಕೆಲವು ಗಂಟೆಗಳ ಅಂತರಕ್ಕೆ ಬ್ಯಾಟರಿ ಸರಿ, ಒಂದು ಋತುವಿನ ವಿದ್ಯುತ್ತನ್ನು ಇನ್ನೊಂದು ಋತುವಿಗೆ ಇಡಲು ಬ್ಯಾಟರಿ ರಾಶಿ ಹಾಕುವುದು ದುಬಾರಿ. ಅವಧಿ ಪಡೆದು ಯೂನಿಟ್ ತೆರುವುದು ಎಂದರೆ ಶೀರ್ಷಿಕೆಗೂ ಹೊಂದುತ್ತದೆ.

ಬ್ಯಾಟರಿಯ ಒಳಗೇ ಇನ್ನೊಂದಿದೆ. ದಿನವೂ ಪೂರ್ತಿ ಖಾಲಿ ಮಾಡಿದರೆ ಇವತ್ತು ಹೆಚ್ಚು ಯೂನಿಟ್, ಆದರೆ ಆಯಸ್ಸು ಕಡಿಮೆ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ ಎನ್ನುವುದು ಇದಕ್ಕೇ. ‘10 ಕಿಲೊವ್ಯಾಟ್ ಬ್ಯಾಟರಿ’ ಎಂದು ಎಲ್ಲಾದರೂ ಬರೆದಿದ್ದರೆ ಪಕ್ಕದಲ್ಲಿ ಕಿಲೊವ್ಯಾಟ್-ಗಂಟೆಯನ್ನೂ ಹಾಕಿ. 10 ಕಿಲೊವ್ಯಾಟ್, 20 ಕಿಲೊವ್ಯಾಟ್-ಗಂಟೆ ಎಂದರೆ ಪೂರ್ಣ ವೇಗದಲ್ಲಿ ಎರಡು ಗಂಟೆ ನಡೆಯುತ್ತದೆ ಎಂದರ್ಥ. ಮೊದಲಿನದು ನಲ್ಲಿಯ ಅಗಲ, ಎರಡನೆಯದು ತೊಟ್ಟಿಯ ಗಾತ್ರ. ‘ಸಾಮರ್ಥ್ಯ’ ಎಂಬ ಒಂದೇ ಪದವನ್ನು ಎರಡಕ್ಕೂ ಹಚ್ಚಿದರೆ ಓದುಗರು ದಾರಿ ತಪ್ಪುವುದು ಖಂಡಿತ.

‘ಮಾಲಿನ್ಯರಹಿತ’ ಇರಬಾರದು. ಓಡುವಾಗ ಹೊಗೆಯಿಲ್ಲ ಎಂಬುದು ನಿಜ. ಸಿಲಿಕಾನ್ ಕರಗಿಸಲು, ಉಕ್ಕು-ಕಾಂಕ್ರೀಟ್ ತಯಾರಿಸಲು, ಸಾಗಿಸಲು ಹೊಗೆ ಆಗಿಯೇ ಇರುತ್ತದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ 2014ರ ವರದಿಯ ಪ್ರಕಾರ, ಹುಟ್ಟಿನಿಂದ ವಿಲೇವಾರಿವರೆಗಿನ ಲೆಕ್ಕದಲ್ಲಿ ಪ್ರತಿ ಯೂನಿಟ್‌ಗೆ ಇಂಗಾಲದ ಡೈಆಕ್ಸೈಡಿಗೆ ಸಮನಾಗಿ ಲೆಕ್ಕ ಹಾಕಿದ ಹೊರಸೂಸುವಿಕೆಯ ಮಧ್ಯಾಂಕ (ಹಲವು ಅಂದಾಜುಗಳ ಪೈಕಿ ನಡುವಿನದು) ಕಲ್ಲಿದ್ದಲಿಗೆ 820 ಗ್ರಾಂ, ಅನಿಲಕ್ಕೆ 490, ದೊಡ್ಡ ಸೌರ ಸ್ಥಾವರಕ್ಕೆ 48, ಜಲವಿದ್ಯುತ್ತಿಗೆ 24, ನೆಲದ ಮೇಲಿನ ಗಾಳಿಯಂತ್ರಕ್ಕೆ 11. ಜಲವಿದ್ಯುತ್ತಿನ ಅಂಕಿ ಜಲಾಶಯದಿಂದ ಜಲಾಶಯಕ್ಕೆ ತುಂಬಾ ಬದಲಾಗುತ್ತದೆ, ಮುಳುಗಡೆಯಾದ ಗಿಡಮರ ಕೊಳೆತು ಮೀಥೇನ್ ಏಳುವುದರಿಂದ. ಹಾಗಾಗಿ ‘ಬಳಕೆಯ ಹೊತ್ತಿನಲ್ಲಿ ಹೊಗೆಯಿಲ್ಲದ’ ಎಂದು ಬರೆದು ಈ ಐದು ಅಂಕಿಗಳನ್ನು ಒಂದು ಸಣ್ಣ ಪಟ್ಟಿಯಲ್ಲಿ ಕೊಡಿ. ಪಟ್ಟಿಯ ತಲೆಯಲ್ಲಿ ‘ಪ್ರತಿ ಯೂನಿಟ್‌ಗೆ ಗ್ರಾಂ’ ಎಂದು ನಮೂದಿಸಲು ಮರೆಯಬೇಡಿ. ಅಳತೆಯಿಲ್ಲದ 48 ಅನ್ನು ಯಾರಾದರೂ ಶೇಕಡಾ ಎಂದು ಓದಿಯಾರು.