ತಲೆಸುತ್ತು, ಬಲಗಿವಿಯಲ್ಲಿ ಗುಂಯ್ ಸದ್ದು: ಕುತ್ತಿಗೆ ಪಟ್ಟಿ ಹಾಕಿದರೂ ಅಮ್ಮನಿಗೆ ಗುಣವಾಗುತ್ತಿಲ್ಲ

ಹಾಸನದವಳು:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 52 ವರ್ಷ. ಎಂಟು ತಿಂಗಳಿಂದ ಆಗಾಗ ತಲೆಸುತ್ತು. ಬಂತೆಂದರೆ ಇಡೀ ಮನೆ ಗಿರಗಿರ ತಿರುಗುತ್ತದೆ ಅನ್ನುತ್ತಾರೆ. ವಾಂತಿ, ಬೆವರು, ಕಣ್ಣು ಬಿಡಲೂ ಆಗುವುದಿಲ್ಲ. ಮೊದಲು ಪಿತ್ತ ಅಂದುಕೊಂಡು ಶುಂಠಿ, ನಿಂಬೆಹಣ್ಣಿನ ರಸ ಕೊಟ್ಟೆವು. ಆಮೇಲೆ ತೋರಿಸಿದ ಕಡೆ ಎಕ್ಸ್‌ರೇ ತೆಗೆದು, ಕುತ್ತಿಗೆ ಮೂಳೆ ಸವೆದಿದೆ ಎಂದು ಪಟ್ಟಿ ಹಾಕಿಸಿದರು. ಪ್ರೊಕ್ಲೋರ್‌ಪೆರಜಿನ್ ಮಾತ್ರೆ ಬರೆದುಕೊಟ್ಟರು. ಆರು ತಿಂಗಳಿಂದ ದಿನಾ ಮೂರು ಹೊತ್ತು ನುಂಗುತ್ತಿದ್ದಾರೆ. ಬಲಗಿವಿಯಲ್ಲಿ ಗುಂಯ್ ಅನ್ನುವ ಸದ್ದು ಇದೆ, ಹತ್ತಿ ತುರುಕಿದ ಹಾಗಿದೆ ಎಂದೂ ಹೇಳುತ್ತಾರೆ. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮುಂದೆ ಯಾರಿಗೆ ತೋರಿಸಬೇಕು?

ಮಲೆನಾಡಿಗ:
ನನಗೂ ಹೋದ ವರ್ಷ ಹೀಗೇ ಆಗಿತ್ತು. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದರೆ ಸಾಕು, ಸುತ್ತು. ಇಎನ್‌ಟಿ ಡಾಕ್ಟರ್ ಮಲಗಿಸಿ, ತಲೆ ಆ ಕಡೆ ಈ ಕಡೆ ತಿರುಗಿಸಿ 'ಎಪ್ಲಿ' ಮಾಡಿದರು. ಎರಡೇ ಸಲಕ್ಕೆ ಹೋಯಿತು. ಅಮ್ಮನಿಗೂ ಅದನ್ನೇ ಮಾಡಿಸಿ.

ಕಿವಿಮಾತು:
ನಾನು ಆಡಿಯಾಲಜಿಸ್ಟ್, ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸುವುದು ನನ್ನ ಕೆಲಸ. ಎಪ್ಲಿಗೆ ಮುಂಚೆ ಒಂದೆರಡು ವಿಷಯ ತಿಳಿಯಬೇಕು. ಒಂದು ಸಲ ಬಂದ ಸುತ್ತು ಎಷ್ಟು ಹೊತ್ತು ಇರುತ್ತದೆ? ವಾಂತಿ, ಸುಸ್ತು ಬಿಡಿ, ತಿರುಗುವುದು ಎಷ್ಟು ಹೊತ್ತು? ತಲೆ ಅಲ್ಲಾಡಿಸಿದಾಗ ಮಾತ್ರ ಬರುತ್ತದಾ, ಸುಮ್ನೆ ಕೂತಾಗಲೂ ಬರುತ್ತದಾ? ಬರುವ ಮುಂಚೆ ಕಿವಿಯಲ್ಲಿ ಏನಾದರೂ ಬದಲಾಗುತ್ತದಾ? ಫೋನನ್ನು ಯಾವ ಕಿವಿಗೆ ಇಟ್ಟುಕೊಳ್ಳುತ್ತಾರೆ? ಸುತ್ತಿನ ಜೊತೆ ತಲೆನೋವು, ಬೆಳಕು ಕಂಡರೆ ಹಿಂಸೆ ಇದೆಯಾ?

ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಅದು ಪಾರ್ಶ್ವವಾಯು ಇರಬಹುದು.

ಹಾಸನದವಳು:
ತೊದಲುವುದು, ಸೋಲುವುದು ಯಾವುದೂ ಇಲ್ಲ. ತಿರುಗುವುದು ಎರಡರಿಂದ ಮೂರು ಗಂಟೆ. ಕೂತಿದ್ದಾಗಲೂ ಬರುತ್ತದೆ. ಬರುವ ಮುಂಚೆ ಬಲಗಿವಿ ಬಿಗಿಯುತ್ತದೆ, ಸದ್ದು ಜೋರಾಗುತ್ತದೆ. ತಲೆನೋವು ಇಲ್ಲ. ಫೋನ್ ಕೇಳಿದ್ದಕ್ಕೆ ಗಮನಿಸಿದೆ, ಮೊದಲು ಬಲಗಿವಿಗೆ ಇಡುತ್ತಿದ್ದವರು ಈಗ ಎಡಗಿವಿಗೆ ಇಡುತ್ತಾರೆ. ಇನ್ನೊಂದು, ಈಚೆಗೆ ಕೈ ಸ್ವಲ್ಪ ನಡುಗುತ್ತದೆ. ವಯಸ್ಸಿಗೆ ಇರಬಹುದು ಅಲ್ವಾ?

ಕಿವಿಮಾತು:
ಕೈ ನಡುಕದ ಮಾತು ಮೊದಲು. ಪ್ರೊಕ್ಲೋರ್‌ಪೆರಜಿನ್ ಜೋರು ಸುತ್ತು, ವಾಂತಿ ಇರುವ ಎರಡು ಮೂರು ದಿನಕ್ಕೆ ಒಳ್ಳೆಯ ಮಾತ್ರೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಪಾರ್ಕಿನ್ಸನ್ ತರಹದ ನಡುಕ, ನಿಧಾನ ನಡಿಗೆ ತರಬಹುದು. ಕೆಟ್ಟ ಕಿವಿಯ ಕೊರತೆಯನ್ನು ಮೆದುಳು ನಿಧಾನಕ್ಕೆ ಸರಿದೂಗಿಸಿಕೊಳ್ಳುತ್ತದಲ್ಲ, ಅದಕ್ಕೂ ಅಡ್ಡಿ. ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟವರಿಗೆ ಈ ವಾರವೇ ನಡುಕ ತೋರಿಸಿ, ಇಳಿಸುವುದು ಹೇಗೆ ಎಂದು ಕೇಳಿ.

ಮಲೆನಾಡಿಗ ಅವರೇ, ನಿಮ್ಮದು ಬಿಪಿಪಿವಿ. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿವೆ. ಅವು ಜಾಗ ಬಿಟ್ಟು ಅರೆವೃತ್ತ ನಾಳಕ್ಕೆ ಜಾರಿದರೆ ತಲೆ ತಿರುಗಿಸಿದಾಗ ಸುತ್ತು ಬರುತ್ತದೆ. ಅವನ್ನು ವಾಪಸ್ ಕಳಿಸುವುದೇ ಎಪ್ಲಿ. ಆದರೆ ಅದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ, ಕಿವಿ ಕೇಳುವುದು ಕಡಿಮೆ ಆಗುವುದಿಲ್ಲ. ಇವರ ಅಮ್ಮನಿಗೆ ಗಂಟೆಗಟ್ಟಲೆ ಇರುತ್ತದೆ, ಫೋನ್ ಎಡಗಿವಿಗೆ ಬದಲಾಗಿದ್ದು ನೋಡಿದರೆ ಬಲಗಿವಿಯೂ ಮಂದವಾಗಿದೆ. ಎಪ್ಲಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನನಗೆ ಮೆನಿಯೇರ್ ಕಾಯಿಲೆಯ ಅನುಮಾನ ಇದೆ. ಕೇಳುವ ಭಾಗಕ್ಕೂ ದೇಹದ ಸಮತೋಲ ಕಾಯುವ ಭಾಗಕ್ಕೂ ಒಳಗಿವಿಯಲ್ಲಿ ಇರುವುದು ಒಂದೇ ದ್ರವ. ಅದರ ಚೀಲ ಉಬ್ಬಿದರೆ ಸದ್ದು, ಬಿಗಿತ, ಮಂದ ಕಿವಿ, ಸುತ್ತು ನಾಲ್ಕೂ ಸೇರಿ ಬರುತ್ತವೆ. ಇಂಥ ಸುತ್ತು ಮೆದುಳಿನದ್ದು ಎಂದೇ ಎಲ್ಲರೂ ನಂಬಿದ್ದಾಗ, ಇದು ಕಿವಿಯದ್ದು ಎಂದು 1861ರಲ್ಲಿ ಪ್ಯಾರಿಸ್ಸಿನಲ್ಲಿ ಹೇಳಿದವರು ಪ್ರಾಸ್ಪರ್ ಮೆನಿಯೇರ್. ನಮ್ಮ ಕಡೆ ಈಗಲೂ ಪಿತ್ತ, ಕುತ್ತಿಗೆ ಅಂತಲೇ ಸುತ್ತಾಡಿಸುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಐವತ್ತು ದಾಟಿದ ಬಹಳ ಜನರ ಎಕ್ಸ್‌ರೇಯಲ್ಲಿ ಕುತ್ತಿಗೆ ಸವೆತ ಕಾಣುತ್ತದೆ, ಅದು ಕಂಡಿತು ಅಂದ ಮಾತ್ರಕ್ಕೆ ಸುತ್ತಿಗೆ ಅದೇ ಕಾರಣ ಅಲ್ಲ.

ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕಿವಿಯೊಳಗೆ ನೋಡಲಿ, ಯಾವ ಸ್ವರ ಎಷ್ಟು ಜೋರಿದ್ದರೆ ಕೇಳುತ್ತದೆ ಎಂದು ಅಳೆಯುವ ಪಿಟಿಎ, ಕಿವಿತಮಟೆ ಹೇಗೆ ಅಲುಗುತ್ತದೆ ಎಂದು ನೋಡುವ ಟಿಂಪನೊಮೆಟ್ರಿ ಎರಡೂ ಆಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು, ಹಾಸನದಿಂದ ದೂರವಲ್ಲ. ಕಿವಿ ಬಿಗಿದಿರುವ ದಿನವೇ ಪಿಟಿಎ ಮಾಡಿಸಿದರೆ ಒಳ್ಳೆಯದು. ಈ ಕಾಯಿಲೆಯಲ್ಲಿ ಶುರುವಿಗೆ ಕಿವಿ ಮಂದವಾಗುತ್ತದೆ, ಮತ್ತೆ ಸರಿಹೋಗುತ್ತದೆ. ಚೆನ್ನಾಗಿರುವ ದಿನ ಹೋದರೆ 'ಏನೂ ಇಲ್ಲ' ಎಂದು ಕಳಿಸಿಬಿಡಬಹುದು.

ಹಾಸನದವಳು:
ಪರೀಕ್ಷೆ ಆಯಿತು. ಬಲಗಿವಿ 250 ಹರ್ಟ್ಸ್‌ನಲ್ಲಿ 50 ಡೆಸಿಬಲ್, 500ರಲ್ಲಿ 50, 1000ದಲ್ಲಿ 40, 4000ದಲ್ಲಿ 20. ಎಡಗಿವಿ ಎಲ್ಲ ಕಡೆ 10–15. ಮೂಳೆಯ ಮೂಲಕ ಕೊಟ್ಟ ಸದ್ದೂ ಅಷ್ಟೇ ಕಡಿಮೆ ಕೇಳಿಸಿದೆ. ಟಿಂಪನೊಗ್ರಾಮ್ 'ಎ' ಟೈಪ್. ಮೆನಿಯೇರ್ ಅಂದರು. ಎಂಆರ್‌ಐ ಯಾಕೆ ಬರೆದರೋ, ಅಮ್ಮ ಹೆದರಿದ್ದಾರೆ. ಮಾತ್ರೆ ಇಳಿಸುತ್ತಿದ್ದೇವೆ.

ಕಿವಿಮಾತು:
ಡೆಸಿಬಲ್ ಅಂಕಿ ಹೆಚ್ಚಿದಷ್ಟೂ ಕಿವಿ ಮಂದ ಎಂದರ್ಥ. ಮೂಳೆಯ ಮೂಲಕವೂ ಅಷ್ಟೇ ಕಡಿಮೆ ಕೇಳಿದರೆ ತೊಂದರೆ ಒಳಗಿವಿಯದ್ದು. ಕಡಿಮೆ ಹರ್ಟ್ಸ್ ಇರುವ ದಪ್ಪ ಸ್ವರಗಳಲ್ಲಿ ಒಂದೇ ಕಿವಿ ಹೀಗೆ ಬಿದ್ದಿರುವುದು ಮೆನಿಯೇರ್‌ಗೆ ಹೊಂದುತ್ತದೆ. 'ಎ' ಟೈಪ್ ಅಂದರೆ ಕಿವಿತಮಟೆಯ ಹಿಂದೆ ನೀರು ತುಂಬಿಲ್ಲ. ಎಂಆರ್‌ಐಗೆ ಹೆದರಬೇಡಿ. ಒಂದೇ ಕಿವಿ ಮಂದವಾದರೆ ಆ ನರದ ಮೇಲೆ ಗಂಟು ಇಲ್ಲ ಎಂದು ಖಚಿತ ಮಾಡಿಕೊಳ್ಳಲು ಮಾಡಿಸುತ್ತಾರೆ. ಅಂಥ ಗಂಟು ಅಪರೂಪ, ಇದ್ದರೂ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ.

ಇನ್ನು ಉಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಸಾರಿನ ಉಪ್ಪಿಗಿಂತ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಕಡೆ ಮೊದಲು ನೋಡಿ. ಇದಕ್ಕೆ ಗಟ್ಟಿ ಪುರಾವೆ ಕಡಿಮೆ, ಆದರೆ ನಷ್ಟವಿಲ್ಲ. ಸುತ್ತಿಗೆ ಬೀಟಾಹಿಸ್ಟಿನ್ ಎಂಬ ಮಾತ್ರೆ ಕೊಟ್ಟಿರಬಹುದು. 2016ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ 221 ಜನರಿದ್ದರು. ಅದರಲ್ಲಿ ಈ ಮಾತ್ರೆಗೂ ಔಷಧವಿಲ್ಲದ ಖಾಲಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಬಹಳ ವೈದ್ಯರು ಈಗಲೂ ಕೊಟ್ಟು ನೋಡುತ್ತಾರೆ. ಕೆಲವು ತಿಂಗಳಾದರೂ ಸುತ್ತು ಇಳಿಯದಿದ್ದರೆ ತಮಟೆಯ ಮೂಲಕ ಸ್ಟಿರಾಯ್ಡ್ ಚುಚ್ಚುವ ದಾರಿ ಇದೆ. ಹಾಗೆಯೇ ಚುಚ್ಚುವ ಜೆಂಟಾಮೈಸಿನ್ ಎಂಬ ಇನ್ನೊಂದು ಔಷಧ ಸುತ್ತು ನಿಲ್ಲಿಸುತ್ತದೆ, ಆದರೆ ಉಳಿದ ಕೇಳುವ ಶಕ್ತಿಗೂ ಪೆಟ್ಟು ಬೀಳಬಹುದು. ಅದು ಕೊನೆಯ ಕಡೆಗೆ.

ಕ್ಯಾಲೆಂಡರಿನಲ್ಲಿ ಸುತ್ತು ಬಂದ ದಿನ, ಎಷ್ಟು ಗಂಟೆ, ಕಿವಿ ಹೇಗಿತ್ತು ಬರೆದಿಡಿ. ಅಮ್ಮ ಅಟ್ಟ, ಸ್ಟೂಲ್ ಹತ್ತುವುದು ಬೇಡ. ರಾತ್ರಿ ಸದ್ದು ಕಾಡಿದರೆ ಫ್ಯಾನ್ ಹಾಕಿಕೊಳ್ಳಲಿ. ಪೂರ್ತಿ ನಿಶ್ಶಬ್ದದಲ್ಲಿ ಗುಂಯ್ ಜಾಸ್ತಿ ಕೇಳುತ್ತದೆ.

ದಾವಣಗೆರೆಯವನು:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಿನ್ನೆ ಬೆಳಿಗ್ಗೆ ಎದ್ದಾಗಿಂದ ಎಡಗಿವಿ ಮುಚ್ಚಿದೆ, ಸೀಟಿ ಹೊಡೆದ ಹಾಗೆ ಸದ್ದು. ನೋವಿಲ್ಲ. ಗುಗ್ಗೆ ಇರಬೇಕು ಅಂತ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟೆ. ಸೋಮವಾರ ತೋರಿಸಿದರೆ ಸಾಕಾ?

ಕಿವಿಮಾತು:
ಬಾಯಿ ಮುಚ್ಚಿ 'ಮ್...' ಎಂದು ಗುನುಗಿ. ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತದೆ?

ದಾವಣಗೆರೆಯವನು:
ಬಲಗಿವಿಯಲ್ಲಿ. ಚೆನ್ನಾಗಿರುವ ಕಿವಿಯಲ್ಲಿ.

ಕಿವಿಮಾತು:
ಹಾಗಾದರೆ ಇವತ್ತೇ ಹೋಗಿ. ಗುಗ್ಗೆ ಇದ್ದರೆ ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಬೇಕಿತ್ತು. ಒಳ್ಳೆಯ ಕಿವಿಗೆ ಹೋದರೆ ಒಳಗಿವಿಯೇ ದಿಢೀರ್ ಸೋತಿರಬಹುದು. ಇದಕ್ಕೆ ಸ್ಟಿರಾಯ್ಡ್ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಮೊದಲ ಎರಡು ವಾರ ಬಹಳ ಮುಖ್ಯ. ಗುನುಗುವುದು ಬರೀ ಸುಳಿವು, ಪಿಟಿಎ ಮಾಡಲೇಬೇಕು. ಎಣ್ಣೆ ಇನ್ನು ಬೇಡ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಸ್ಟಿರಾಯ್ಡ್ ಅದನ್ನು ಏರಿಸುತ್ತದೆ.

ದಾವಣಗೆರೆಯವನು:
ಸಂಜೆಯೇ ಹೋದೆ. ಗುಗ್ಗೆ ಇರಲಿಲ್ಲ. ಎಡಗಿವಿ 60 ಡೆಸಿಬಲ್‌ಗೆ ಇಳಿದಿದೆ. ಇವತ್ತಿನಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಶುರು, ಹತ್ತು ದಿನಕ್ಕೆ ಮತ್ತೆ ಪಿಟಿಎ. ಏನಾಯಿತು ಅಂತ ಬಂದು ಬರೆಯುತ್ತೇನೆ.

ಹಾಸನದವಳು:
ಎಂಆರ್‌ಐ ಸರಿ ಇದೆ. ಕೈ ನಡುಕ ಕಡಿಮೆ ಆಗುತ್ತಿದೆ. ಕ್ಯಾಲೆಂಡರ್ ಅಡುಗೆಮನೆ ಬಾಗಿಲಿಗೆ ತೂಗಿದ್ದೇನೆ, ಈ ತಿಂಗಳು ಎರಡು ಗುರುತು ಬಿದ್ದಿವೆ.