ಸಹಾಯ ಬೇಕು: ಇಂಗ್ಲಿಷ್‌ನಲ್ಲಿ ಅಡ್ವರ್ಬ್ ನಾಮಪದಕ್ಕೂ ಸೇರುತ್ತದಾ?

ತೀರ್ಥಹಳ್ಳಿ ಹತ್ತಿರ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಡ್ವರ್ಬ್ ಅಂದ್ರೆ ಕ್ರಿಯಾಪದ, ಗುಣವಾಚಕ, ಇನ್ನೊಂದು ಅಡ್ವರ್ಬ್‌ಗೆ ಮಾತ್ರ ಸೇರುತ್ತದೆ ಅಂತಲೇ ಕಲಿಸಿದ್ದೆ. ನಿನ್ನೆ ಒಬ್ಬಳು ಹುಡುಗಿ ‘ಈವನ್ ದ ಹೆಡ್‌ಮಾಸ್ಟರ್ ಲಾಫ್ಡ್’ ಎಂಬ ವಾಕ್ಯ ತಂದಳು. ಡಿಕ್ಷನರಿ ನೋಡಿದೆ, ಈವನ್ ಅಡ್ವರ್ಬೇ. ಆದರೆ ಇಲ್ಲಿ ಅದು ನಗುವಿಗೆ ಸೇರಿಲ್ಲ, ನಾವು ‘ಹೆಡ್‌ಮಾಸ್ಟರೂ ನಕ್ಕರು’ ಅನ್ನುವಾಗ ಆ ‘ಊ’ ಹೆಸರಿಗೇ ಅಂಟುತ್ತದಲ್ವಾ, ಹಾಗೇ ಹೆಡ್‌ಮಾಸ್ಟರಿಗೇ ಸೇರಿದೆ. ‘ಓನ್ಲಿ ರವಿ ಏಟ್ ಕಡುಬು’, ‘ರವಿ ಏಟ್ ಓನ್ಲಿ ಕಡುಬು’: ಜಾಗ ಬದಲಾದರೆ ಅರ್ಥವೇ ಬೇರೆ. ಇಲ್ಲಿವರೆಗೆ ಸರಿ.

ಸಿಕ್ಕಿಕೊಂಡಿದ್ದು ‘ಇಟ್ ವಾಸ್ ಕ್ವೈಟ್ ಎ ಸ್ಟಾರ್ಮ್’ನಲ್ಲಿ, ಅಂದ್ರೆ ‘ಅದು ಭಾರೀ ಬಿರುಗಾಳಿಯೇ ಆಗಿತ್ತು’ ಅನ್ನೋ ಅರ್ಥದ ವಾಕ್ಯದಲ್ಲಿ. ಕ್ವೈಟ್ ಆ ‘ಎ’ಗಿಂತ ಮುಂಚೆ ಯಾಕೆ ಬಂತು? ಇದನ್ನು ಇಡೀ ‘ಎ ಸ್ಟಾರ್ಮ್’ಗೆ ಸೇರುವ ಅಡ್ವರ್ಬ್ ಅನ್ನಬೇಕಾ, ಬೇರೆ ಗುಂಪಿನ ಪದ ಅನ್ನಬೇಕಾ? ಗೊತ್ತಿದ್ದವರು ಒಂದೆರಡು ಉದಾಹರಣೆ ಕೊಟ್ಟು ತಿಳಿಸ್ತೀರಾ?